ಲೆಪಾಯೊ ಇಳಿಸಿದ ದೊಡ್ಡ ಮೀನು

ಲೆಪಾಯೊ ಸುಳ್ಳು ಹೇಳುವ ಮನುಷ್ಯನಲ್ಲ. ಆದರೆ ಕಾಗದ ಬರೆಯುವಾಗ ಅವನ ಕೈ ಸ್ವಲ್ಪ ಮುಂದೆ ಹೋಗುತ್ತದೆ. ನಿಜ ಹಿಂದಿನಿಂದ ನಡೆದುಕೊಂಡು ಬಂದು ಸೇರಿಕೊಳ್ಳಲಿ ಎಂದು ಬಿಟ್ಟುಬಿಡುತ್ತಾನೆ. ಸಾಮಾನ್ಯವಾಗಿ ಅದು ಬಂದು ಸೇರಿಕೊಳ್ಳುತ್ತದೆ ಕೂಡ. ಈ ಸಲ ಮಾತ್ರ ನಿಜ ಇಂಟರ್ನೆಟ್ಟಿನಲ್ಲಿ ಬರಬೇಕಾಗಿತ್ತು, ಹಾಗಾಗಿ ತಡವಾಯಿತು.

ಟೊಕೆಲಾವ್‌ಗೆ ಸಮುದ್ರದಡಿಯ ಕೇಬಲ್ ಬರುವುದಕ್ಕೆ ಮೊದಲಿನ ಮಾತಿದು. ಆಗ ಆ ದ್ವೀಪಸಮೂಹದಲ್ಲಿ ಒಂದಾದ ನಮ್ಮ ದ್ವೀಪಕ್ಕೆ ಇದ್ದದ್ದು ಶಾಲೆಯ ಹಿಂದಿನ ಒಂದು ತಟ್ಟೆ ಆಂಟೆನಾ. ನಲವತ್ತಮೂರು ಮನೆಯ ಹರಟೆ, ಹಾಡು, ರಗ್ಬಿ, ಜಗಳ ಎಲ್ಲವೂ ಅದರಲ್ಲೇ ನುಸುಳಿ ಬರಬೇಕು. ಮಳೆ ಬಂದರೆ ಅದೂ ಇಲ್ಲ. ಲೆಪಾಯೊ ಹಿರಿಯರ ಸಭೆಯ ಕಚೇರಿಯಲ್ಲಿ ಗುಮಾಸ್ತ. ನಾನು ಊರಿನ ಅಂಗಡಿ ನೋಡಿಕೊಳ್ಳುವವನು, ಅವನ ಪಕ್ಕದ ಮನೆಯವನು. ಎರಡು ಮನೆಯ ನಡುವೆ ಇರುವುದು ಒಂದು ದೀವಿಹಲಸಿನ ಮರ ಅಷ್ಟೇ. ಆದ್ದರಿಂದ ಮುಂದೆ ಹೇಳುವುದರಲ್ಲಿ ಕಂಡದ್ದೂ ಇದೆ, ಕಿವಿಗೆ ತಾನಾಗಿ ಬಂದು ಬಿದ್ದದ್ದೂ ಇದೆ.

ನಮಗೆ ಹಡಗು ಹೊರಟು ಬರುವ ಅಪಿಯಾ ಪಟ್ಟಣದ ಕಚೇರಿಯೊಂದು ನಮಗೂ ಪಕ್ಕದ ದ್ವೀಪಕ್ಕೂ ಪ್ರಿಂಟರ್ ಸಮೇತ ಒಂದೊಂದು ದೊಡ್ಡ ಕಂಪ್ಯೂಟರ್ ಕಳಿಸಿತು. ಅದರಲ್ಲಿ ಊರಿನ ನಕ್ಷೆ ಬರೆಯಬೇಕು: ಮನೆ, ನೀರಿನ ತೊಟ್ಟಿ, ಹಂದಿದೊಡ್ಡಿ ಎಲ್ಲವೂ ಬರಬೇಕು. ನಕ್ಷೆ ಬರೆಯುವ ತಂತ್ರಾಂಶ ಬಹಳ ದೊಡ್ಡದು, ಡಿಸ್ಕಿನಲ್ಲಿ ಹಾಕಿ ಹಡಗಿನಲ್ಲಿ ಕಳಿಸೋಣವೇ ಎಂದು ಕಚೇರಿಯವರು ಕೇಳಿದರು. ಪಕ್ಕದ ದ್ವೀಪದ ಗುಮಾಸ್ತ ಸಾಕಾಯೊ ಬುದ್ಧಿವಂತ, ದಯವಿಟ್ಟು ಕಳಿಸಿ ಎಂದ. ಈ ಸಾಕಾಯೊ ಲೆಪಾಯೊನ ಹೆಂಡತಿ ತೆಲೆಸಿಯಾಳ ಅಣ್ಣ. ಭಾವಮೈದುನ ಡಿಸ್ಕ್ ಕೇಳಿದ ಸುದ್ದಿ ತಿಳಿದ ಮೇಲೆ ಲೆಪಾಯೊ ತಾನೂ ಡಿಸ್ಕ್ ಕೇಳುವುದುಂಟೇ? ‘ನಮಗೆ ಅದರ ಅಗತ್ಯವಿಲ್ಲ. ತಂತ್ರಾಂಶವನ್ನು ಇಂಟರ್ನೆಟ್ಟಿನಿಂದಲೇ ಇಳಿಸಿಕೊಂಡು ಕೆಲಸ ಆರಂಭಿಸಿ ಆಗಿದೆ’ ಎಂದು ಬರೆದು, ಕೆಳಗೆ ‘ಮುಖ್ಯ ಕಂಪ್ಯೂಟರ್ ಅಧಿಕಾರಿ’ ಎಂದು ಸಹಿ ಹಾಕಿದ. ಊರಿಗೆ ಇದ್ದದ್ದು ಒಂದೇ ಕಂಪ್ಯೂಟರ್. ಯಾರಿಗೆ ಮುಖ್ಯ ಎಂದು ನಾವು ಕೇಳಲು ಹೋಗಲಿಲ್ಲ.

ಎರಡೇ ದಿನದಲ್ಲಿ ಉತ್ತರ ಬಂತು. ಬಹಳ ಸಂತೋಷ, ಹದಿನಾರನೆಯ ದಿನ ಬರುವ ಹಡಗಿನಲ್ಲಿ ಹಾರ್ಟಿಗನ್ ಎಂಬ ಅಧಿಕಾರಿಣಿ ನೋಡಲು ಬರುತ್ತಾರೆ, ನಕ್ಷೆಯ ಒಂದು ಪ್ರತಿ ಕೊಟ್ಟು ಕಳಿಸಿ. ಒಂದು ವೇಳೆ ಕೆಲಸ ನಡೆಯುತ್ತಿಲ್ಲವಾದರೆ ಕಂಪ್ಯೂಟರನ್ನು ಅದೇ ಹಡಗಿನಲ್ಲಿ ಪಕ್ಕದ ದ್ವೀಪಕ್ಕೆ ಸಾಗಿಸಲಾಗುವುದು.

ಲೆಪಾಯೊ ಕಚೇರಿಯ ಬಾಗಿಲು ಹಾಕಿಕೊಂಡು ತಂತ್ರಾಂಶ ಇಳಿಸಲು ಕೂತ. ಪರದೆಯ ಮೇಲೆ ಒಂದು ಹಸಿರು ಪಟ್ಟಿ ಉಗುರಿನಷ್ಟು ಮೂಡಿ ನಿಂತಿತು. ಪಕ್ಕದಲ್ಲಿ ‘ಉಳಿದ ಸಮಯ: ಒಂಬತ್ತು ತಿಂಗಳು’ ಎಂದು ಬಂತು.

ಊಟ ತಂದ ತೆಲೆಸಿಯಾ ಅದನ್ನು ಓದಿ ನಕ್ಕಳು. “ಒಂಬತ್ತು ತಿಂಗಳಾ? ಅಷ್ಟು ಟೈಮ್ ಕೊಟ್ಟಿದ್ರೆ ನಾನೇ ಒಂದು ಹೆತ್ತು ಕೊಡ್ತಿದ್ದೆ.”

“ತಮಾಷೆ ಮಾಡ್ಬೇಡ ಕಣೇ. ಹಡಗು ಬಂದ್ರೆ ಕಂಪ್ಯೂಟರ್ ಸೀದಾ ನಿಮ್ಮಣ್ಣನ ಮನೆ ಸೇರುತ್ತೆ.”

“ಸೇರ್ಲಿ ಬಿಡು. ಡಿಸ್ಕ್ ಕೇಳೋ ಅಷ್ಟು ಬುದ್ಧಿಯಾದ್ರೂ ಇದೆ ಅವನಿಗೆ.”

ಈ ಮಾತು ಲೆಪಾಯೊನಿಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಮಾರನೆಯ ದಿನ ಹಿರಿಯರ ಸಭೆಯ ಮುಂದೆ ಬಿಳಿ ಅಂಗಿ ತೊಟ್ಟು ನಿಂತ. ಎರಡು ವಾರ ಊರಿನಲ್ಲಿ ಬೇರೆ ಯಾರೂ ಇಂಟರ್ನೆಟ್ ಮುಟ್ಟಬಾರದು ಎಂಬುದು ಅವನ ಬೇಡಿಕೆ.

ಸಭೆಯ ಯಜಮಾನ ಕೊಲೊವೆ ತಾತನಿಗೆ ಎಂಬತ್ತು ದಾಟಿದೆ. ಕಡಲಲ್ಲಿ ಅವರಿಗೆ ತಿಳಿಯದ್ದಿಲ್ಲ. ದಡದ ಮೇಲಿನ ವಿಷಯಗಳನ್ನೂ ಅವರು ಒಮ್ಮೆ ಕಡಲಿಗೆ ಇಳಿಸಿಯೇ ಅರ್ಥ ಮಾಡಿಕೊಳ್ಳುವುದು. ಲೆಪಾಯೊನಿಗೂ ಅದು ಗೊತ್ತಿತ್ತು, ತಯಾರಾಗಿಯೇ ಬಂದಿದ್ದ.

“ನಮ್ಮ ಒಳಗಡಲಿಗೆ ಒಂದೇ ಕಿರಿದಾದ ಬಾಯಿ ಇದೆ ಅಂತ ಇಟ್ಕೊಳ್ಳಿ ತಾತ. ಆ ಬಾಯಲ್ಲಿ ಊರೋರೆಲ್ಲ ಬಲೆ ಬಿಟ್ಕೊಂಡು ಕೂತಿದ್ರೆ ದೊಡ್ಡ ಮೀನು ಹ್ಯಾಗೆ ಒಳಗೆ ಬರುತ್ತೆ?”

“ಬರಲ್ಲ.”

“ಎಲ್ರೂ ಎರಡು ವಾರ ಬಲೆ ಎತ್ಕೊಂಡ್ರೆ?”

“ಬರ್ಬಹುದು,” ಎಂದು ತಾತ ಮುಂದಕ್ಕೆ ಬಾಗಿದರು. “ಎಷ್ಟು ದೊಡ್ಡದು?”

ಲೆಪಾಯೊ ಎರಡೂ ಕೈ ಚಾಚಿದ. ಸಾಲಲಿಲ್ಲವೆಂದು ಎರಡು ಹೆಜ್ಜೆ ಆಚೆ ಹೋಗಿ ಗೋಡೆ ಮುಟ್ಟಿ ತೋರಿಸಿದ. “ಇಷ್ಟು ದೊಡ್ಡದು ಈ ಊರಿಗೆ ಯಾವತ್ತೂ ಬಂದಿಲ್ಲ ತಾತ.”

“ಊರೆಲ್ಲ ಬಲೆ ಎತ್ತಿ ಹಿಡಿಯೋದು ಅಂದ್ಮೇಲೆ ಇದು ಊರಿನ ಬೇಟೆ.”

“ಊರಿಂದೇ ತಾತ, ಊರಿಂದೇ!”

ಬೇಕಾದದ್ದು ಸಿಕ್ಕ ಸಂತೋಷದಲ್ಲಿ ಅವನು ತಾನು ಏನೆಂದೆ ಎಂಬುದನ್ನು ತಾನೇ ಕೇಳಿಸಿಕೊಳ್ಳಲಿಲ್ಲ. ಊರಿನ ಬೇಟೆ ಎಂದರೆ ನಮ್ಮಲ್ಲಿ ಮತ್ತೆ ಮಾತಿಲ್ಲ. ದಡಕ್ಕೆ ಬಂದದ್ದೆಲ್ಲ ಹಂಚುವ ಅಂಗಳದಲ್ಲಿ ಬೀಳಬೇಕು, ಎಲ್ಲ ಮನೆಗೂ ಸಮನಾಗಿ ಪಾಲಾಗಬೇಕು. ಇದಕ್ಕೆ ಇನಾತಿ ಎನ್ನುತ್ತೇವೆ. ಹಿಡಿದವನಿಗೂ ಒಂದು ಪಾಲು, ಹಾಸಿಗೆ ಹಿಡಿದವನಿಗೂ ಒಂದು ಪಾಲು. ಲೆಪಾಯೊ ಇದನ್ನು ತಿಂದುಕೊಂಡೇ ಬೆಳೆದವನು. ಆದರೆ ಮನುಷ್ಯ ಅಧಿಕಾರಿಯಾದ ಮೇಲೆ ಕೆಲವು ವಿಷಯ ಮರೆತುಹೋಗುತ್ತದೆ.

ಊರು ಬಲೆ ಎತ್ತಿತು. ಮೊದಲ ಎರಡು ದಿನ ಎಲ್ಲರೂ ತ್ಯಾಗದ ಮುಖ ಮಾಡಿಕೊಂಡು ಓಡಾಡಿದರು. ಮೂರನೆಯ ದಿನ ನನ್ನ ಹೆಂಡತಿ ನನ್ನೊಂದಿಗೆ ಒಂದು ಗಂಟೆ ಮಾತಾಡಿದಳು. ನಮ್ಮ ಮದುವೆಯಲ್ಲಿ ಇನ್ನೂ ಇಷ್ಟು ವಿಷಯ ಉಳಿದಿದೆ ಎಂದು ನನಗೆ ಗೊತ್ತಿರಲಿಲ್ಲ. ಐದನೆಯ ದಿನ ಊರಿನ ರಗ್ಬಿ ಹುಚ್ಚ ಫಾಲಾನಿ ತೆಂಗಿನ ಮರದ ತುದಿಯಲ್ಲಿ ಕೂತು ಫೋನಿನಲ್ಲಿ ರಗ್ಬಿ ನೋಡುತ್ತಿದ್ದಾಗ ಸಿಕ್ಕಿಬಿದ್ದ. ಸಿಗುವುದೇನು, ಅಲ್ಲಿಂದಲೇ ‘ಹೊಡಿ, ಹೊಡಿ’ ಎಂದು ಕೂಗಿದ. ಶಿಕ್ಷೆಯೆಂದು ಸಭೆ ಅವನಿಗೆ ಊರಿನ ಗಂಟೆ ಬಾರಿಸುವ ಕೆಲಸ ಕೊಟ್ಟಿತು. ಹಸಿರು ಪಟ್ಟಿ ನೂರರಲ್ಲಿ ಹತ್ತು ಭಾಗ ಮುಂದೆ ಹೋದಾಗಲೆಲ್ಲ ಅವನು ಮರಕ್ಕೆ ಕಟ್ಟಿದ ಖಾಲಿ ಗ್ಯಾಸ್ ಸಿಲಿಂಡರಿಗೆ ಒಂದೇಟು ಹಾಕಬೇಕು. ಏಟು ಬಿದ್ದಾಗ ಹೆಂಗಸರು ಚಾಪೆ ಹೆಣೆಯುವುದು ಬಿಟ್ಟು ಲೆಕ್ಕ ಹಾಕುತ್ತಿದ್ದರು.

ಕೊಲೊವೆ ತಾತ ದಿನಾ ಬೆಳಿಗ್ಗೆ ಕಚೇರಿಗೆ ಬಂದು ಪರದೆಯ ಮುಂದೆ ಕೂರುತ್ತಿದ್ದರು. “ಎಲ್ಲಿವರೆಗೆ ಬಂತಯ್ಯಾ?”

“ಮೂವತ್ನಾಲ್ಕು ತಾತ.”

“ಎಳೀತಿದೆಯಾ?”

“ಎಳೀತಿದೆ.”

“ಜೋರಾಗಿ ಎಳೀಬೇಡ. ದಾರ ಹರಿಯುತ್ತೆ.”

ಲೆಪಾಯೊನೂ ಸುಮ್ಮನೆ ಕೂತಿರಲಿಲ್ಲ, ಅದನ್ನು ಹೇಳದಿದ್ದರೆ ಅವನಿಗೆ ಅನ್ಯಾಯ ಮಾಡಿದಂತಾಗುತ್ತದೆ. ಗಂಟು ಹಾಕಿದ ಹಗ್ಗ ಹಿಡಿದು ಮನೆಮನೆಗೆ ಹೋಗಿ ಉದ್ದ ಅಗಲ ಅಳೆದ, ಹಂದಿದೊಡ್ಡಿಗಳನ್ನೂ ಅಳೆದ. ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದುಕೊಂಡ. ತಂತ್ರಾಂಶ ಒಂದು ಬರಲಿ, ನಕ್ಷೆ ಹೇಗೆ ಹೊರಬರುತ್ತದೆ ನೋಡಿ ಎನ್ನುತ್ತಿದ್ದ. ಅವನಿಗೆ ನಿಜವಾಗಿಯೂ ಆ ಕೆಲಸ ಇಷ್ಟವಾಗಿತ್ತು.

ಹಡಗು ಬರುವ ಹಿಂದಿನ ದಿನ ಮಧ್ಯಾಹ್ನ ಫಾಲಾನಿ ಕೊನೆಯ ಏಟು ಹಾಕಿದ. ಲೆಪಾಯೊ ಕಣ್ಣೊರೆಸಿಕೊಂಡು ಪರದೆ ನೋಡಿದ. ತಂತ್ರಾಂಶ ಒಂದೇ ಗಂಟಾಗಿ ಬಂದಿರಲಿಲ್ಲ, ತುಂಡು ತುಂಡಾಗಿ ಬಂದಿತ್ತು. ಎಲ್ಲ ತುಂಡನ್ನೂ ಒಂದೆಡೆ ಇಟ್ಟರೆ ಮಾತ್ರ ತೆರೆದುಕೊಳ್ಳುತ್ತದೆ. ಎಷ್ಟು ತುಂಡೆಂದು ಎಣಿಸಿದ. ನಲವತ್ತಮೂರು. ಇದೊಂದು ಶುಭಸೂಚನೆ ಎಂದುಕೊಂಡು ಬಾಗಿಲು ತೆರೆದರೆ ಹೊರಗೆ ಊರೇ ಬುಟ್ಟಿ ಹಿಡಿದು ನಿಂತಿತ್ತು.

“ಹ್ಞೂಂ, ಪಾಲು ಮಾಡು,” ಎಂದರು ಕೊಲೊವೆ ತಾತ.

ಲೆಪಾಯೊನ ಮುಖ ಹೇಗಾಯಿತೆಂದು ವರ್ಣಿಸುವ ಶಕ್ತಿ ನನಗಿಲ್ಲ. “ತಾತ, ಇದನ್ನ ಕತ್ತರಿಸೋಕಾಗಲ್ಲ.”

“ಆಮೆ ಕತ್ತರಿಸಿದ್ದೀವಿ. ತಿಮಿಂಗಲ ಕತ್ತರಿಸಿದ್ದೀವಿ. ನನ್ನ ಕಾಲದಲ್ಲಿ ಕತ್ತರಿಸೋಕಾಗದೇ ಇರೋದು ಏನೂ ಬಂದಿಲ್ಲ.”

“ಹಾಗಲ್ಲ, ಬೇಕಾದ್ರೆ ಪ್ರತಿ ಮನೆಗೂ ಪೂರ್ತಿ ಕೊಡ್ತೀನಿ. ಎಲ್ರಿಗೂ ಪೂರ್ತಿ ಸಿಗುತ್ತೆ, ನನ್ನ ಹತ್ರಾನೂ ಪೂರ್ತಿ ಉಳಿಯುತ್ತೆ.”

ಜನರ ನಡುವೆ ಗುಜುಗುಜು ಎದ್ದಿತು. ತಾತ ಕೈ ಎತ್ತಿದರು. “ಪಾಲು ಕೊಟ್ಟ ಮೇಲೂ ನಿನ್ನ ಬುಟ್ಟಿ ತುಂಬಿರುತ್ತೆ ಅಂತೀಯಲ್ಲ, ಅದು ಪಾಲಾ? ನಮ್ಮ ಅಪ್ಪನ ಕಾಲದಲ್ಲಿ ಒಬ್ಬ ಹೀಗೇ ಲೆಕ್ಕ ಹೇಳ್ದ. ಅವನನ್ನ ಆಮೇಲೆ ಯಾರೂ ದೋಣಿಗೆ ಹತ್ತಿಸ್ಕೊಳ್ಳಲಿಲ್ಲ.”

“ನಲವತ್ಮೂರು ತುಂಡು ಇದೆ ಅಂತ ಪರದೇಲೇ ಬರ್ದಿದೆ!” ಎಂದು ಕಿಟಕಿಯಿಂದ ಇಣುಕಿದ ಫಾಲಾನಿ ಕೂಗಿದ. “ನಮ್ಮೂರಿನ ಮನೆ ಎಷ್ಟೋ ಅಷ್ಟೇ ತುಂಡು! ಕತ್ತರಿಸೋಕಾಗಲ್ಲ ಅಂತಾನೆ ನೋಡಿ!”

ಇದಾದ ಮೇಲೆ ಲೆಪಾಯೊನ ಮಾತು ನಡೆಯಲಿಲ್ಲ. ಅದರ ಹಿಂದಿನ ವರ್ಷ ಯಾರೋ ಸಭೆ ನಡೆಸಿ ಮನೆಗೊಂದು ಪೆನ್ ಡ್ರೈವ್ ಹಂಚಿಹೋಗಿದ್ದರು. ಕೆಲವರು ಅದನ್ನು ಕೊರಳಿಗೆ ಹಾಕಿಕೊಂಡಿದ್ದರು, ಕೆಲವರು ಬೀಗದ ಕೈಗೆ ಕಟ್ಟಿದ್ದರು. ಈಗ ಎಲ್ಲವೂ ಹೊರಗೆ ಬಂದವು. ಚರ್ಚಿನ ಕಡೆಯ ಮನೆಯಿಂದ ಆರಂಭಿಸಿ ಮನೆಗೊಂದು ತುಂಡು. ಒಂದೊಂದು ಕೊಟ್ಟಾಗಲೂ ತಾತ ಪರದೆಗೆ ಬೆರಳಿಟ್ಟು, “ನಿನ್ನ ಹತ್ರ ಉಳಿದಿದ್ದನ್ನ ತೆಗಿ” ಎನ್ನುವರು. ಲೆಪಾಯೊ ತೆಗೆಯುವನು.

ಕೊನೆಯಲ್ಲಿ ತಾತನ ಬೆರಳು ಪರದೆಯ ಮೂಲೆಗೆ ಹೋಯಿತು. “ಆ ಬುಟ್ಟೀಲಿ ಏನಿದೆ?”

“ಅದು... ಕಸದ ಬುಟ್ಟಿ ತಾತ.”

“ತುಂಬಿರೋ ಹಾಗೆ ಕಾಣುತ್ತೆ. ಬುಟ್ಟಿ ತಳದಲ್ಲಿ ಮೀನು ಬಚ್ಚಿಡೋರನ್ನ ಎಂಬತ್ತು ವರ್ಷದಿಂದ ನೋಡ್ತಿದ್ದೀನಿ. ಬಗ್ಗಿಸು.”

ಲೆಪಾಯೊ ಬಗ್ಗಿಸಿದ. ಎರಡು ವಾರದ ಶ್ರಮ ಚಿಕ್ಕದೊಂದು ಸದ್ದು ಮಾಡಿ ಹೊರಟುಹೋಯಿತು.

ಅಷ್ಟಕ್ಕೂ ಮುಗಿಯಲಿಲ್ಲ. ಊರಿನ ಕೊನೆಯ ಮನೆ ಮಾಲಿಯಜ್ಜಿಯದು. ಗಂಡ ತೀರಿಕೊಂಡ ಮೇಲೆ ಹಂದಿದೊಡ್ಡಿಯ ಪಕ್ಕದಲ್ಲಿ ಒಬ್ಬಳೇ ಇದ್ದಾಳೆ. ಕೊನೆಯ ತುಂಡು ಅವಳಿಗೆ ಬಂತು. ಇಂಥ ಗಂಟುಗಳಲ್ಲಿ ಕೊನೆಯ ತುಂಡು ಯಾವಾಗಲೂ ಚಿಕ್ಕದು, ಉಳಿದದ್ದಷ್ಟೇ ಅದರಲ್ಲಿರುತ್ತದೆ. ಪರದೆಯಲ್ಲಿ ಪ್ರತಿ ತುಂಡಿನ ಮುಂದೆ ಅದರ ಗಾತ್ರ ಎಂಬಿ ಲೆಕ್ಕದಲ್ಲಿ ಬರೆದಿತ್ತು. ಅಜ್ಜಿಗೆ ಅಕ್ಷರ ಮಂಜು, ಅಂಕಿ ಚೆನ್ನಾಗಿ ಕಾಣುತ್ತದೆ.

“ಎಲ್ರದ್ದೂ ಇನ್ನೂರು. ನಂದು ಹನ್ನೊಂದಾ?”

“ಅಜ್ಜಿ, ಅದು ಹಾಗೇ ಬಂದಿದ್ದು—”

“ಗೋಡೆಯಿಂದ ಗೋಡೆಗೆ ಕೈ ಚಾಚಿದ್ಯಲ್ಲೋ! ಅಷ್ಟು ದೊಡ್ಡ ಮೀನು ಹಿಡಿದು ಮುದುಕಿಗೆ ಬಾಲದ ಮುಳ್ಳು ಕೊಡ್ತೀಯಾ? ಗಂಡ ಇಲ್ಲ, ಕೇಳೋರಿಲ್ಲ ಅಂತಾನಾ?”

ಪೆನ್ ಡ್ರೈವನ್ನು ತಾನು ಸೊಂಟಕ್ಕೆ ಸುತ್ತಿದ್ದ ಬಟ್ಟೆಯ ಅಂಚಿಗೆ ಗಂಟು ಹಾಕಿಕೊಂಡು ಹೊರಟೇಹೋದಳು. ಲೆಪಾಯೊ ಮಣ್ಣಿನ ಮೇಲೆ ಕೂತುಬಿಟ್ಟ. ಅವನ ಪಾಲಿಗೆ ಬಂದದ್ದು ಒಂಬತ್ತನೆಯ ತುಂಡು.

ಬೆಳಿಗ್ಗೆ ಹಡಗು ಬಂತು. ಹಾರ್ಟಿಗನ್ ಮೇಡಂ ಹವಳದ ದಿಬ್ಬ ದಾಟುವ ದೋಣಿಯಲ್ಲಿ ಮೊಣಕಾಲುವರೆಗೆ ನೆನೆದು, ನಗುತ್ತಲೇ ಇಳಿದರು. ಹಡಗು ನಾಲ್ಕು ಗಂಟೆಗೆ ಹೊರಡುತ್ತದೆ.

“ಎಲ್ಲಿ ತಂತ್ರಾಂಶ?” ಎಂದು ಕಂಪ್ಯೂಟರಿನ ಮುಂದೆ ನಿಂತು ಕೇಳಿದರು.

“ಊರಲ್ಲಿದೆ ಮೇಡಂ,” ಎಂದ ಲೆಪಾಯೊ. ಬಹಳ ದಿನಗಳಲ್ಲಿ ಅವನು ಅಧಿಕಾರಿಗಳಿಗೆ ಹೇಳಿದ ಮೊದಲ ಶುದ್ಧ ಸತ್ಯ ಅದು.

“ಊರಲ್ಲಿ ಎಲ್ಲಿ?”

“ಎಲ್ಲಾ ಕಡೆ.”

ಮೇಡಂ ಕೈಗಡಿಯಾರ ನೋಡಿಕೊಂಡರು. ಅವರು ತಂದಿದ್ದ ಡಿಸ್ಕನ್ನು ದಾರಿಯಲ್ಲೇ ಸಾಕಾಯೊನಿಗೆ ಕೊಟ್ಟು ಬಂದಿದ್ದರು, ಇಲ್ಲಿಗೆ ಅಗತ್ಯವಿಲ್ಲ ಎಂದು ಲೆಪಾಯೊನೇ ಬರೆದಿದ್ದನಲ್ಲ. ಕಂಪ್ಯೂಟರ್ ಕಟ್ಟಲು ರಟ್ಟಿನ ಪೆಟ್ಟಿಗೆ ಇದೆಯೇ ಎಂದು ಅವರು ನನ್ನ ಅಂಗಡಿಗೆ ಹೇಳಿ ಕಳಿಸಿದಾಗ ಇಲ್ಲ ಎಂದೆ. ಹದಿನೈದು ಇದ್ದವು, ಅವುಗಳ ಮೇಲೆ ನಾನೇ ಕೂತಿದ್ದೆ.

ಲೆಪಾಯೊ ಮನೆಮನೆಗೆ ಓಡಿದ. ಓಡಿದನೇ ಹೊರತು ಬಾಯಿ ಬಿಡಲಿಲ್ಲ. ಕೊಟ್ಟ ಪಾಲನ್ನು ವಾಪಸು ಕೇಳಿದ ಮನುಷ್ಯ ನಮ್ಮ ದ್ವೀಪದಲ್ಲಿ ಇನ್ನೂ ಹುಟ್ಟಿಲ್ಲ. ನಮ್ಮ ಮನೆ ಬಾಗಿಲಿಗೂ ಬಂದ. “ಗಾಳಿ ಉತ್ತರದ ಕಡೆಯಿಂದ ಬೀಸ್ತಿದೆ ಅಲ್ವಾ?” ಎಂದ. ಹೌದು ಎಂದೆ. ಹದಿನೇಳನೆಯ ತುಂಡು ನನ್ನ ಹೆಂಡತಿಯ ಅಕ್ಕಿ ಡಬ್ಬಿಯಲ್ಲಿತ್ತು. ಅವನು ಆ ಡಬ್ಬಿಯನ್ನೇ ನೋಡುತ್ತ ನಿಂತು, ಕಣ್ಣು ಒದ್ದೆ ಮಾಡಿಕೊಂಡು ಹೊರಟ. ನನಗೂ ಪಾಪ ಅನ್ನಿಸಿತು, ಆದರೆ ಅವನು ಕೇಳದೆ ನಾನು ಹೇಗೆ ಕೊಡಲಿ?

ದಾರಿ ತೋರಿಸಿದವಳು ತೆಲೆಸಿಯಾ. ಗಂಡನನ್ನು ನೀರಿನ ತೊಟ್ಟಿಯ ಹತ್ತಿರ ಹಿಡಿದು ನಿಲ್ಲಿಸಿದಳು.

“ಊರಿಗೆ ನೆಂಟರು ಬಂದ್ರೆ ಏನ್ ಮಾಡ್ತೀವಿ ಲೆಪಾಯೊ?”

“ಊಟ ಹಾಕ್ತೀವಿ.”

“ಊಟಕ್ಕೆ ಪ್ರತಿ ಮನೇನೂ ಏನ್ ಮಾಡುತ್ತೆ?”

“ತಮ್ಮ ಪಾಲು ತಂದು ಇಡುತ್ತೆ,” ಎಂದವನು ಈ ಸಲ ತಾನು ಏನೆಂದೆ ಎಂಬುದನ್ನು ತಾನೇ ಕೇಳಿಸಿಕೊಂಡ.

“ಹ್ಞಾಂ. ಕೇಳೋದು ನಾಚಿಕೆ. ತಂದಿಡೋದು ಗೌರವ. ಹೋಗಿ ಫಾಲಾನಿಗೆ ಗಂಟೆ ಹೊಡಿ ಅನ್ನು. ಇಷ್ಟು ಬುದ್ಧಿ ನಿನ್ನ ಆ ಮಿಷೀನ್ ಕೊಡುತ್ತಾ?”

ಹನ್ನೆರಡು ಗಂಟೆಗೆ ಅಂಗಳ ತುಂಬಿತು. ತೆಂಗಿನಹಾಲಿನ ಮೀನು, ಸುಟ್ಟ ದೀವಿಹಲಸು, ಅನ್ನ, ಹಂದಿ ಮಾಂಸ. ಪ್ರತಿ ತಟ್ಟೆಯ ಮೇಲೂ ಎಲೆಯಲ್ಲಿ ಸುತ್ತಿದ ಪೆನ್ ಡ್ರೈವ್. ಯಾರ ಪಾಲು ಮೊದಲು ಒಳಗೆ ಹೋಗಬೇಕೆಂದು ಚರ್ಚಿನ ಕಡೆಯವರಿಗೂ ದೋಣಿಕಟ್ಟೆಯ ಕಡೆಯವರಿಗೂ ಮಾತು ಬೆಳೆಯಿತು. ಫಾಲಾನಿ ಹಿಂದಿನ ಸಂಜೆ ತನ್ನ ಪಾಲು ಹೊಳೆಯುತ್ತದೆಂದು ಗಾಳದ ಮೇಲೆ ಕಟ್ಟಿ ಮೀನು ಹಿಡಿದಿದ್ದ. ಅದರ ಮೇಲೆ ಹಲ್ಲಿನ ಗುರುತಿತ್ತು. ಒರೆಸಿ ಹಾಕಿದರೆ ನಡೆಯಿತು. ಇಂಥ ಒಳ್ಳೆಯ ತಂತ್ರಾಂಶ ಇನ್ನೊಂದಿಲ್ಲ ಎಂದು ಅವನು ಮೇಡಂಗೆ ಹೇಳಿ, ಆ ಮೀನನ್ನೇ ಬಡಿಸಿದ.

ಒಂದೊಂದೇ ತುಂಡು ಒಳಗೆ ಹೋಯಿತು. ನಲವತ್ತೆರಡಕ್ಕೆ ಹಸಿರು ಪಟ್ಟಿ ನಿಂತಿತು. ‘ಕೊನೆಯ ಭಾಗ ಇಲ್ಲ’ ಎಂದು ಪರದೆ ಹೇಳಿತು. ಎಲ್ಲರೂ ಹಂದಿದೊಡ್ಡಿಯ ಕಡೆ ತಿರುಗಿ ನೋಡಿದರು.

ಮಾಲಿಯಜ್ಜಿ ಮನೆ ಮುಂದೆ ತೆಂಗಿನಕಾಯಿ ಸುಲಿಯುತ್ತ ಕೂತಿದ್ದಳು. ಊರಿಗೆ ಊರೇ ಬಂದು ನಿಂತರೂ ತಲೆ ಎತ್ತಲಿಲ್ಲ.

“ಅಜ್ಜಿ,” ಎಂದ ಲೆಪಾಯೊ.

“ನನ್ನ ಹತ್ರ ಏನಿದೆಯಪ್ಪ? ಹನ್ನೊಂದು ಇದೆ. ಇನ್ನೂರು ಇರೋರ ಮನೆಗೆ ಹೋಗಿ.”

“ಎಲ್ರದ್ದೂ ಹಾಕಾಯ್ತು ಅಜ್ಜಿ. ನಿಮ್ಮದಿಲ್ದೆ ತೆರೀತಿಲ್ಲ.”

ಕಾಯಿ ಸುಲಿಯುವ ಕೈ ನಿಂತಿತು. “ಇನ್ನೊಂದ್ಸಲ ಹೇಳು. ಕೊಲೊವೆಗೆ ಕಿವಿ ಮಂದ.”

“ಎಂಟು ಸಾವಿರಕ್ಕಿಂತ ಜಾಸ್ತಿ ಇದೆ ಅಜ್ಜಿ, ಅದು ಯಾವುದೂ ಉಪಯೋಗಕ್ಕಿಲ್ಲ. ನಿಮ್ಮ ಹನ್ನೊಂದು ಬೇಕು.” ಅವನು ಅಜ್ಜಿಯ ಮುಂದೆ ನೆಲದ ಮೇಲೆ ಕೂತ. “ಕಾಗದದಲ್ಲಿ ನಾನೇ ಸುಳ್ಳು ಬರ್ದೆ ಅಜ್ಜಿ. ಡಿಸ್ಕ್ ಬೇಡ ಅಂದೆ. ದೊಡ್ಡಸ್ತಿಕೆ ಮಾಡ್ದೆ. ಈಗ ಕಂಪ್ಯೂಟರ್ ಹೋಗುತ್ತೆ, ಅಳೆದಿದ್ದೆಲ್ಲ ಪುಸ್ತಕದಲ್ಲೇ ಉಳಿಯುತ್ತೆ.”

ಅಜ್ಜಿ ಎದ್ದು ಬಟ್ಟೆ ಕೊಡವಿಕೊಂಡಳು. “ನಕ್ಷೇಲಿ ನನ್ನ ಮನೆ ಮೊದ್ಲು ಬರೀಬೇಕು.”

“ಆಯ್ತು.”

“ಹಂದಿದೊಡ್ಡಿ ಪಕ್ಕದಲ್ಲಿ ಅಂತ ತೋರಿಸ್ಕೂಡದು.”

“ಅದು ಪಕ್ಕದಲ್ಲೇ ಇದೆಯಲ್ಲ ಅಜ್ಜಿ.”

“ಹಾಗಾದ್ರೆ ದೊಡ್ಡಿ ನನ್ನ ಮನೆ ಪಕ್ಕದಲ್ಲಿದೆ ಅಂತ ತೋರಿಸು,” ಎಂದು ಕೋಲೂರಿಕೊಂಡು ಊರಿನ ಮುಂದೆ ನಡೆದಳು. ಅವಳಷ್ಟು ನಿಧಾನವಾಗಿ ಆ ದಾರಿಯಲ್ಲಿ ಇನ್ನಾರೂ ನಡೆದಿಲ್ಲ. ಅವಳನ್ನು ದಾಟುವ ಧೈರ್ಯವೂ ಯಾರಿಗೂ ಇರಲಿಲ್ಲ.

ಹನ್ನೊಂದು ಒಳಗೆ ಹೋಯಿತು. ತಂತ್ರಾಂಶ ತೆರೆದುಕೊಂಡಿತು. ಫಾಲಾನಿ ಸಿಲಿಂಡರಿಗೆ ಎಷ್ಟು ಏಟು ಹಾಕಿದನೋ, ಹಡಗಿನವರು ಅಪಾಯವೆಂದು ತಿಳಿದು ಪ್ರತಿಯಾಗಿ ಕೂಗು ಹಾಕಿದರು. ಲೆಪಾಯೊ ಪುಸ್ತಕ ಬಿಚ್ಚಿ ಅಜ್ಜಿಯ ಮನೆಯಿಂದ ಆರಂಭಿಸಿ ಒಂದೂವರೆ ಗಂಟೆಯಲ್ಲಿ ಊರನ್ನೆಲ್ಲ ಒಳಗಿಟ್ಟ. ಗುಂಡಿ ಒತ್ತಿದಾಗ ಪ್ರಿಂಟರಿನಿಂದ ದೊಡ್ಡ ಹಾಳೆಯಲ್ಲಿ ನಮ್ಮ ದ್ವೀಪ ಹೊರಗೆ ಬಂತು: ನಲವತ್ತಮೂರು ಮನೆ, ತೊಟ್ಟಿ, ದೊಡ್ಡಿ, ಸುತ್ತ ನೀಲಿ. ಇಷ್ಟು ಚೆಂದದ ಊರಿನಲ್ಲಿದ್ದೇವೆ ಎಂದು ನನಗೆ ಅವತ್ತೇ ಗೊತ್ತಾದದ್ದು.

“ಕಂಪ್ಯೂಟರ್ ಇಲ್ಲೇ ಇರಲಿ,” ಎಂದರು ಮೇಡಂ. “ನನ್ನ ಪ್ರತಿ ಕೊಡಿ, ಹೊರಡುತ್ತೇನೆ.”

ಇನ್ನೊಂದು ಪ್ರತಿ ತೆಗೆಯಲು ಹೋದರೆ ಶಾಯಿ ಮುಗಿದಿತ್ತು. ಮುಂದಿನ ಶಾಯಿ ಮುಂದಿನ ಹಡಗಿಗೆ. ಲೆಪಾಯೊ ತಿರುಗಿ ಇರುವ ಒಂದೇ ಹಾಳೆ ಎಲ್ಲಿ ಎಂದು ನೋಡಿದ. ಅದು ಅಂಗಳದಲ್ಲಿತ್ತು. ಕೊಲೊವೆ ತಾತ ಚಾಪೆಯ ಮೇಲೆ ಅದನ್ನು ಹರಡಿಕೊಂಡು, ತೆಲೆಸಿಯಾಳ ಕತ್ತರಿ ಹಿಡಿದು ಕೂತಿದ್ದರು. ಊರಿನ ಬೇಟೆಯಿಂದ ಬಂದದ್ದು ಊರಿಗೇ ಸೇರಬೇಕಲ್ಲ. ಲೆಪಾಯೊ ಓಡುವಷ್ಟರಲ್ಲಿ ಒಬ್ಬೊಬ್ಬರೂ ಅವರವರ ಮನೆಯ ತುಂಡು ಹಿಡಿದು ನಿಂತಿದ್ದರು. ಮಾಲಿಯಜ್ಜಿ ತನ್ನದನ್ನು ಎಲ್ಲರ ತುಂಡಿನ ಮೇಲೂ ಇಟ್ಟು ಅಳತೆ ನೋಡುತ್ತಿದ್ದಳು. ಈ ಸಲ ಸಮಾಧಾನವಾದಂತೆ ಕಂಡಿತು.

“ಮೇಡಂ ನೆಂಟರು,” ಎಂದು ತಾತ ಗಂಭೀರವಾಗಿ ಎದ್ದರು. “ನೆಂಟರಿಗೆ ಎಲ್ಲಕ್ಕಿಂತ ದೊಡ್ಡ ಪಾಲು.” ಉಳಿದಿದ್ದ ಸಮುದ್ರವನ್ನು ನೀಟಾಗಿ ಮಡಿಸಿ ಅವರ ಕೈಗಿಟ್ಟರು. ಹಡಗು ಮೂರನೆಯ ಸಲ ಕೂಗಿತ್ತು. ಮೇಡಂ ಅದನ್ನು ಬಿಚ್ಚಿ ನೋಡದೆ, ಎಲ್ಲರಿಗೂ ಕೈ ಮುಗಿದು ದೋಣಿ ಹತ್ತಿದರು.

ಹತ್ತು ದಿನ ಕಳೆದ ಮೇಲೆ ಸಾಕಾಯೊನಿಂದ ಸಂದೇಶ ಬಂತು. ಊರೆಲ್ಲ ಮತ್ತೆ ಬಲೆ ಬಿಟ್ಟುಕೊಂಡಿದ್ದರಿಂದ ಅದು ಬರಲು ಅರ್ಧ ದಿನ ಹಿಡಿಯಿತು. ‘ಭಾವ, ಅಪಿಯಾಕ್ಕೆ ಹೋಗಿದ್ದೆ. ಕಚೇರಿ ಗೋಡೆ ಮೇಲೆ ನಿಮ್ಮೂರಿನ ನಕ್ಷೆ ಹಾಕಿದಾರೆ. ಪೂರ್ತಿ ನೀಲಿ, ನಡುವೆ ತೂತು. ಯಾವಾಗ ಮುಳುಗಿದ್ರಿ? ಒಂದು ಮಾತು ಹೇಳಿ ಕಳಿಸ್ಬಾರ್ದಾ?’

ತೆಲೆಸಿಯಾ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಲೆಪಾಯೊ ಕೂತು ಉತ್ತರ ಬರೆದ. ಈ ಸಲ ಅವನ ಕೈ ಒಂದು ಅಕ್ಷರವೂ ಮುಂದೆ ಹೋಗಲಿಲ್ಲ, ನಾನು ಹಿಂದೆಯೇ ನಿಂತು ನೋಡಿದ್ದೇನೆ.

‘ಮುಳುಗಿಲ್ಲ. ಹಂಚ್ಕೊಂಡಿದ್ದೀವಿ. ಇಂತಿ, ಲೆಪಾಯೊ, ನಲವತ್ಮೂರು ಪಾಲಿನಲ್ಲಿ ಒಂದು ಪಾಲಿನವನು.’